ಎಡಗಡೆಯ ಕೆಂಪು ದಾರ

ಚುಕ್ಕಿ ಮೇಷ್ಟ್ರನ್ನು ಅವಳು ಮೊದಲ ಸಲ ಕಂಡದ್ದು ಗಂಡ ತೀರಿಕೊಂಡ ತಿಂಗಳಲ್ಲಿ, ಹೊಲಿದ ಪುಸ್ತಕಗಳ ಕಟ್ಟೊಂದನ್ನು ಸೊಂಟಕ್ಕೆ ಆನಿಸಿಕೊಂಡು ಮಹಡಿ ಹತ್ತಿದ ದಿನ.

ಗಂಡ ಕೆಳಗಿನ ಪ್ರೆಸ್ಸಿನಲ್ಲಿ ಬೈಂಡರ್ ಆಗಿದ್ದ. ಅವನು ಹೋದ ಮೇಲೆ ಅವನ ದಬ್ಬಳ, ಮಡಿಕೆ ತಿಕ್ಕುವ ಮೂಳೆಪಟ್ಟಿ, ಮೇಣ ಸವರಿದ ದಾರದ ಉಂಡೆ ಎಲ್ಲವೂ ಮೇಜಿನ ಮೇಲೆ ಇಟ್ಟ ಹಾಗೇ ಇದ್ದವು. ಪ್ರೆಸ್ಸಿನ ಯಜಮಾನ ಬಂದು ಬಾಗಿಲಲ್ಲೇ ನಿಂತು, "ಅಮ್ಮಾ, ಬೇರೆಯವರು ಸಿಗೋತನಕ ನೀವೇ ನೋಡ್ಕೊಳ್ಳಿ. ಅವರ ಪಕ್ಕ ಕೂತು ಅಷ್ಟು ವರ್ಷ ಮಡಿಕೆ ಹಾಕಿದೀರಿ, ಕೈಗೆ ಗೊತ್ತಿರುತ್ತೆ" ಅಂದ. ಬೇರೆಯವರನ್ನು ಅವನು ಹುಡುಕಲೂ ಇಲ್ಲ, ಅವಳು ಕೇಳಲೂ ಇಲ್ಲ. ಅಕ್ಷರ ಅವಳಿಗೆ ಅಷ್ಟಕ್ಕಷ್ಟೇ. ತನ್ನ ಹೆಸರು ಬರೆಯುವಷ್ಟು, ಬಸ್ಸಿನ ಬೋರ್ಡನ್ನು ಕೂಡಿಸಿ ಓದುವಷ್ಟು. ಹಾಳೆ ಮಡಿಸುವುದಕ್ಕೆ ಅದಕ್ಕಿಂತ ಹೆಚ್ಚು ಬೇಕಾಗಿರಲಿಲ್ಲ.

ಪ್ರೆಸ್ಸಿನ ಮೇಲೆ ಎರಡು ಕೋಣೆ. ಮುಂದಿನ ಕೋಣೆಯಲ್ಲಿ ದೊಡ್ಡ ಕಿಟಕಿ, ಕಿಟಕಿಗೆ ಅಡ್ಡವಾಗಿ ಒಂದು ಮೇಜು, ಮೇಜಿನ ಮೇಲೆ ಕಂಪ್ಯೂಟರು, ಅದರ ಮುಂದೆ ಬೆನ್ನು ನೆಟ್ಟಗೆ ಇಟ್ಟುಕೊಂಡು ಕೂತ ಒಬ್ಬ ತೆಳ್ಳನೆಯ ಮನುಷ್ಯ. ಅವರು ಕಟ್ಟಿನಿಂದ ಒಂದು ಪುಸ್ತಕ ಎಳೆದು, ಮೂಲೆಯಲ್ಲಿದ್ದ ಕಬ್ಬಿಣದ ಸ್ಟ್ಯಾಂಡಿನ ಮೇಲೆ ನಡುಪುಟ ಬಿಡಿಸಿ ಇಟ್ಟು, ಕೈ ತೆಗೆದರು. ಪುಸ್ತಕ ನಿಧಾನವಾಗಿ ತಾನೇ ಮುಚ್ಚಿಕೊಂಡಿತು.

"ನೋಡಿದ್ರಾ?"

"ಏನನ್ನ?"

"ಅದು ಮುಚ್ಕೊಳ್ತು. ನುಡಿಸೋರಿಗೆ ದೇವರು ಕೊಟ್ಟಿರೋದು ಎರಡೇ ಕೈ. ಎರಡೂ ವಾದ್ಯದ ಮೇಲಿರುತ್ತೆ. ಪುಸ್ತಕ ಹಿಡ್ಕೊಳ್ಳೋಕೆ ಮೂರನೇ ಕೈ ಸಾಲ ತರಬೇಕಾ?"

"ಹೊಲಿಗೆ ಬಿಗಿಯಾಗಿದೆ. ಬಿಚ್ಚಿ ಮತ್ತೆ ಹಾಕ್ತೀನಿ."

"ಎಲ್ಲಾನೂ."

"ಎಲ್ಲಾನೂ."

ಅಷ್ಟೇ ಮಾತು. ಆ ತಿಂಗಳು ಅವಳ ಮನೆಗೆ ಬಂದವರೆಲ್ಲ ಕೈ ಹಿಡಿದುಕೊಂಡು, ಮುಖ ನೋಡಿ, ಅವಳು ಅಳಲಿ ಎಂದು ಕಾಯುತ್ತಿದ್ದರು. ಅವಳಿಗೆ ಅಳು ಬಂದಿರಲಿಲ್ಲ. ಬರದ ಅಳುವಿಗಾಗಿ ಅವರಿಗೇ ಸಮಾಧಾನ ಹೇಳಿ ಹೇಳಿ ಅವಳಿಗೆ ಸಾಕಾಗಿತ್ತು. ಈ ಮನುಷ್ಯ ಏನನ್ನೂ ಕಾಯಲಿಲ್ಲ. ಅವಳು ಕಟ್ಟನ್ನು ಹೊತ್ತು ಇಳಿದು ಬಂದು ಮಧ್ಯಾಹ್ನವೆಲ್ಲ ಹೊಲಿಗೆ ಬಿಚ್ಚಿದಳು. ಗಂಡ ಹೋದಮೇಲೆ ಒಂದು ಮಧ್ಯಾಹ್ನ ತಾನಾಗಿ ಕಳೆದುಹೋದದ್ದು ಅದೇ ಮೊದಲು.

ಅವರ ಕೆಲಸ ಏನೆಂದು ಅವಳಿಗೆ ತಿಳಿದದ್ದು ಬರಬರುತ್ತಾ. ಊರಿನ ವಾದ್ಯಮೇಳಕ್ಕೆ ಸಂಗೀತ ಬರೆಯುವವರು ಕೈಯಲ್ಲಿ ಬರೆದು ಕಳಿಸುತ್ತಾರೆ. ಐದೈದು ಗೆರೆ, ಗೆರೆಯ ಮೇಲೆ ಮತ್ತು ಸಂದಿಯಲ್ಲಿ ಚುಕ್ಕಿ. ಮೇಷ್ಟ್ರು ಅದನ್ನು ನೋಡಿ ಕಂಪ್ಯೂಟರಿಗೆ ಇಳಿಸಬೇಕು. ಎಡಗೈ ಅಂಕಿಗಳ ಮೇಲೆ. ಒಂದೊಂದು ಅಂಕಿ ಒತ್ತಿದರೆ ಚುಕ್ಕಿ ಎಷ್ಟು ಹೊತ್ತು ನಿಲ್ಲಬೇಕೆಂದು ತೀರ್ಮಾನ. ಬಲಗೈ ಅಕ್ಷರಗಳ ಮೇಲೆ. ಅಕ್ಷರ ಒತ್ತಿದರೆ ಚುಕ್ಕಿ ಗೆರೆಯ ಮೇಲೆ ಬಂದು ಕೂರುತ್ತದೆ. ಎತ್ತರ ತಪ್ಪಿದರೆ ಬಾಣದ ಗುಂಡಿ ಒತ್ತಿ ಒಂದು ಮೆಟ್ಟಿಲು ಏರಿಸುವುದು, ಇಳಿಸುವುದು. ಅಡ್ಡಗೆರೆಗಳ ನಡುನಡುವೆ ಉದ್ದಗೆರೆ. ಎರಡು ಉದ್ದಗೆರೆಯ ನಡುವಿನ ಜಾಗಕ್ಕೆ ಅವರು ಮನೆ ಎನ್ನುತ್ತಿದ್ದರು. ಎಲ್ಲ ವಾದ್ಯಗಳದ್ದೂ ಒಟ್ಟಿಗೆ ಇಳಿಸಿದ ಮೇಲೆ ಪಿಟೀಲಿನವರಿಗೆ ಪಿಟೀಲಿನದು, ಕೊಳಲಿನವರಿಗೆ ಕೊಳಲಿನದು ಎಂದು ಬೇರೆ ಬೇರೆ ಪುಸ್ತಕ ತೆಗೆಯಬೇಕು. ಅಲ್ಲೇ ಅವರ ಹಟ ಇದ್ದದ್ದು. ಪ್ರತಿ ಬಲಪುಟವೂ ನುಡಿಸುವವರಿಗೆ ವಿರಾಮ ಇರುವ ಕಡೆ ಮುಗಿಯಬೇಕು. ಹಾಳೆ ತಿರುಗಿಸಲು ಒಂದು ಕೈ ಬಿಡುವಾಗಬೇಕು. ಅದಕ್ಕಾಗಿ ಒಂದು ಸಾಲನ್ನು ಹಿಗ್ಗಿಸಿ, ಇನ್ನೊಂದನ್ನು ಕುಗ್ಗಿಸಿ, ಒಂದೇ ಪುಟದ ಮೇಲೆ ಬೆಳಗಿನಿಂದ ಮಧ್ಯಾಹ್ನದವರೆಗೆ ಕೂರುತ್ತಿದ್ದರು.

"ಇದನ್ನೆಲ್ಲ ಯಾರು ನೋಡ್ತಾರೆ ಮೇಷ್ಟ್ರೇ?"

"ಯಾರೂ ನೋಡಲ್ಲ. ನೋಡಿದ್ರೆ ನಾನು ಕೆಟ್ಟದಾಗಿ ಮಾಡಿದೀನಿ ಅಂತ ಅರ್ಥ."

ಚುಕ್ಕಿ ಮೇಷ್ಟ್ರು ಎಂಬ ಹೆಸರು ಪ್ರೆಸ್ಸಿನ ಯಜಮಾನ ಇಟ್ಟದ್ದು. ಅವರು ಯಾರಿಗೂ ಪಾಠ ಹೇಳಿದವರಲ್ಲ. "ಮೇಲೆ ಇಡೀ ಮೇಳ ಇದೆ, ಕೆಳಗೆ ಒಂದು ಸೊಳ್ಳೆ ಸದ್ದೂ ಬರಲ್ಲ" ಎಂದು ಅವನು ಗಿರಾಕಿಗಳಿಗೆ ಹೇಳಿ ನಗುತ್ತಿದ್ದ. ನಿಜವೇ. ಆ ಯಂತ್ರ ಇಳಿಸಿದ್ದನ್ನೆಲ್ಲ ನುಡಿಸಿಯೂ ತೋರಿಸುತ್ತದಂತೆ. ಮೇಷ್ಟ್ರು ಅದರ ಸದ್ದನ್ನು ಮುಚ್ಚಿಬಿಟ್ಟಿದ್ದರು.

ಕಿಟಕಿಯ ಬೆಳಕು ಚೆನ್ನಾಗಿದೆಯೆಂದು ಅವಳು ತನ್ನ ಮಡಿಕೆಯ ಹಲಗೆಯನ್ನು ಮೇಲಕ್ಕೇ ತಂದು ಕೂರತೊಡಗಿದ ಮೇಲೆ ಒಂದು ದಿನ ಕೇಳಿದಳು:

"ನಿಮಗೆ ಸಂಗೀತ ಇಷ್ಟವಾ ಮೇಷ್ಟ್ರೇ?"

"ಹಲ್ಲಿನ ಡಾಕ್ಟರಿಗೆ ಹಲ್ಲು ಇಷ್ಟವಾ ಅಂತ ಕೇಳಿದೀರಾ ಯಾವತ್ತಾದ್ರೂ?"

ಒಂದು ಸಾಲು ಇಳಿಸಿ ಮುಗಿಸಿ ಅವರೇ ಹೇಳಿದರು. ಮೊದಲು ಇಷ್ಟವಿತ್ತು. ಹೆಂಡತಿ ತೀರಿಕೊಂಡ ವಾರ ಯಾವುದೋ ಕೆಲಸ ಒಪ್ಪಿಸಬೇಕಿತ್ತು, ಮಾರನೆಯ ದಿನವೇ ಕೂತರು. "ಆಗ ಇನ್ನೂ ಶಾಯೀಲಿ ಬರೀತಿದ್ದೆ. ಅಳೋಕೆ ಕೂತಿದ್ರೆ ಚುಕ್ಕಿ ಒದ್ದೆ ಆಗಿ ಹರಡ್ತಿತ್ತು. ಆಮೇಲೆ ಅಳೋಣ ಅಂದ್ಕೊಂಡೆ. ಆಮೇಲೆ ಬರಲಿಲ್ಲ. ಸಂಗೀತಾನೂ ಹಾಗೇ, ಕೇಳಿದ್ರೆ ಕೇಳುತ್ತೆ, ಒಳಗೆ ಹೋಗಲ್ಲ."

ಅವಳು ತನ್ನ ತೋರುಬೆರಳ ತುದಿಯನ್ನು ತೋರಿಸಿದಳು. ವರ್ಷಗಟ್ಟಲೆ ಸೂಜಿ ಒತ್ತಿ ಒತ್ತಿ ಅಲ್ಲಿ ಚರ್ಮ ಕೊಂಬಿನಂತಾಗಿತ್ತು. "ಇಲ್ಲಿ ಚುಚ್ಚಿದ್ರೂ ನನಗೆ ತಿಳಿಯಲ್ಲ. ರಕ್ತ ಹಾಳೆಗೆ ತಾಗಿದ ಮೇಲೇ ಗೊತ್ತಾಗೋದು."

"ಅದೇ," ಎಂದರು ಮೇಷ್ಟ್ರು. ಅಲ್ಲಿಗೆ ಆ ವಿಷಯ ಮುಗಿಯಿತು. ಇಬ್ಬರೂ ಅದನ್ನು ಮತ್ತೆ ಎತ್ತಲಿಲ್ಲ.

ಮೇಷ್ಟ್ರಿಗೆ ಒಬ್ಬಳೇ ಮಗಳು. ಅದೇ ವಾದ್ಯಮೇಳದಲ್ಲಿ ಚೆಲ್ಲೋ ನುಡಿಸುತ್ತಾಳೆ. ಕೂತವರ ಎದೆಯೆತ್ತರದ ಪಿಟೀಲು, ಮೊಣಕಾಲುಗಳ ನಡುವೆ ಆನಿಸಿಕೊಂಡು ನುಡಿಸುವಂಥದ್ದು. ಊರಿನ ಇನ್ನೊಂದು ತುದಿಯಲ್ಲಿ ಮನೆ. ಬಿಡುವಿದ್ದಾಗ ಬರುತ್ತಾಳೆ. ಅಪ್ಪ ಮಗಳು ಎದುರುಬದುರು ಕೂತು ತಂತಿ, ಕಾಗದ, ಬಸ್ಸು ಇಷ್ಟರ ಬಗ್ಗೆ ಮಾತಾಡುತ್ತಾರೆ. ಹೋಗುವಾಗ ಅವಳು "ಬರ್ತೀನಪ್ಪ" ಎನ್ನುತ್ತಾಳೆ, ಇವರು ತಿರುಗಿ ನೋಡದೆ "ಹೂಂ" ಎನ್ನುತ್ತಾರೆ. ಅಮ್ಮನಿಗೆ ಕಾಯಿಲೆಯಾದಾಗ ಅವಳು ನೋಡಿಕೊಳ್ಳಲೆಂದು ಮೇಳ ಬಿಟ್ಟು ಬಂದಿದ್ದಳಂತೆ. ಅವಳ ಕುರ್ಚಿಯಲ್ಲಿ ಬೇರೆಯವರು ಕೂತರು. ಮತ್ತೆ ಆ ಕುರ್ಚಿ ಸಿಗುವಷ್ಟರಲ್ಲಿ ಅವಳ ಪ್ರಾಯ ಅರ್ಧ ಹೋಗಿತ್ತು. ಅದನ್ನು ಹೇಳುವಾಗ ಮೇಷ್ಟ್ರ ಮುಖ ಗೋಡೆಯ ಹಾಗಿತ್ತು. ಆದರೆ ಕೈ ಮೇಜಿನ ಅಂಚನ್ನು ಹಿಡಿದುಕೊಂಡಿತ್ತು.

ಹೀಗೆ ವರ್ಷಗಳು ಹೋದವು. ಒಂದು ಚಳಿಗಾಲದ ಬೆಳಿಗ್ಗೆ ಅವಳು ಮೇಲೆ ಬಂದಾಗ ಮೇಷ್ಟ್ರು ಕಂಪ್ಯೂಟರನ್ನು ಬೈಯುತ್ತಿದ್ದರು.

"ಇಲ್ಲೊಂದು ಪಟ್ಟಿ ಇತ್ತಮ್ಮ, ಚಿಹ್ನೆಗಳದ್ದು. ರಾತ್ರೋರಾತ್ರಿ ತಾನೇ ಏನೋ ಬದಲಾಯಿಸ್ಕೊಂಡು ಪಟ್ಟೀನೇ ತೆಗೆದುಬಿಟ್ಟಿದೆ. ಇವರಿಗೆ ಸುಮ್ನೆ ಇರೋಕಾಗಲ್ಲ."

ಪಟ್ಟಿ ಪರದೆಯ ಎಡಗಡೆ ಎಂದಿನಂತೆ ಇತ್ತು. ಅವಳು ಮೇಷ್ಟ್ರನ್ನು ಗಮನಿಸಿ ನೋಡತೊಡಗಿದಳು. ಮೇಷ್ಟ್ರ ಬಲಗೆನ್ನೆ ನುಣ್ಣಗೆ ಬೋಳಿಸಿತ್ತು, ಎಡಗೆನ್ನೆಯ ಮೇಲೆ ಗಡ್ಡ ಹಾಗೇ ಇತ್ತು. ಒಳಗೆ ಹೋಗುವಾಗ ಎಡ ಭುಜ ಬಾಗಿಲ ಚೌಕಟ್ಟಿಗೆ ಬಡಿಯಿತು. ಅವರು ಚೌಕಟ್ಟಿನ ಕಡೆ ನೋಡಲೂ ಇಲ್ಲ. ಮಧ್ಯಾಹ್ನ ತಟ್ಟೆಯ ಬಲ ಅರ್ಧ ಉಂಡು, ಎಡ ಅರ್ಧ ಹಾಗೇ ಬಿಟ್ಟು, "ಇವತ್ತು ಯಾಕೋ ಕಡಿಮೆ ಬಡಿಸ್ಕೊಂಡೆ" ಎಂದರು. ಅವಳು ಎದ್ದು ಹೋಗಿ ತಟ್ಟೆಯನ್ನು ಅರ್ಧ ಸುತ್ತು ತಿರುಗಿಸಿದಳು.

"ಇದು ಎಲ್ಲಿಂದ ಬಂತು?"

"ಇಲ್ಲೇ ಇತ್ತು. ಮೊದಲು ಊಟ ಮುಗಿಸಿ. ಆಮೇಲೆ ಚಪ್ಪಲಿ ಹಾಕ್ಕೊಳ್ಳಿ, ಡಾಕ್ಟರ ಹತ್ರ ಹೋಗ್ಬೇಕು."

ಡಾಕ್ಟರು ಕಣ್ಣು ನೋಡಿ, ಬೆರಳು ಆಡಿಸಿ, ದೊಡ್ಡ ಯಂತ್ರದಲ್ಲಿ ತಲೆಯ ಚಿತ್ರ ತೆಗೆಸಿ ಹೇಳಿದರು: ತಲೆಯೊಳಗೆ ಒಂದು ಸಣ್ಣ ರಕ್ತನಾಳ ಕಟ್ಟಿಕೊಂಡಿದೆ. ಕಣ್ಣಿಗೆ ಏನೂ ಆಗಿಲ್ಲ. ಎಡಗಡೆ ಇರುವುದನ್ನು ಕಣ್ಣು ನೋಡಿದರೂ ಮಿದುಳು ಲೆಕ್ಕಕ್ಕೆ ತೆಗೆದುಕೊಳ್ಳುತ್ತಿಲ್ಲ. ಎಡಗೈಗೂ ಸ್ವಲ್ಪ ಜೋಮು. ಮಾತ್ರೆ ತಪ್ಪಿಸಬೇಡಿ, ಮನೆಯವರು ಜೊತೆಯಲ್ಲಿರಲಿ.

ಬಸ್ಸಿನಲ್ಲಿ ಮೇಷ್ಟ್ರು ಬಲಗಿಟಕಿಯಿಂದ ಹೊರಗೆ ನೋಡುತ್ತಾ ಕೂತಿದ್ದರು. ಇಳಿಯುವಾಗ ಹೇಳಿದರು:

"ಮಗಳಿಗೆ ತಿಳೀಬಾರದು."

"ಇದು ಮುಚ್ಚಿಡೋ ವಿಷಯವಾ ಮೇಷ್ಟ್ರೇ? ಊರಿಗೆ ಬಂದವಳು ನೀರಿಗೆ ಬರದೇ ಇರ್ತಾಳಾ?"

"ತಿಳಿದ್ರೆ ಕುರ್ಚಿ ಬಿಟ್ಟು ಬರ್ತಾಳೆ. ಒಂದು ಸಲ ಬಿಟ್ಟು ಆಯ್ತು. ಈ ಸಲ ಬಿಟ್ರೆ ಮತ್ತೆ ಸಿಗಲ್ಲ, ಅವಳಿಗೂ ವಯಸ್ಸಾಯ್ತು. ಈಗ ಬಂದಿರೋ ಕೆಲಸ ಮುಗಿಸಿ ಕೊಡ್ತೀನಿ. ಕೆಲಸ ಸರಿಯಾಗಿ ಹೋಗ್ತಿದ್ರೆ ಯಾರೂ ನನ್ನ ಮುಖ ನೋಡೋಕೆ ಬರಲ್ಲ."

ಆಗ ಬಂದಿದ್ದ ಕೆಲಸ ದೊಡ್ಡದು. ಬರೆದವರು ತೀರಿಕೊಂಡಿದ್ದರು. ಅಂಚಿನಲ್ಲಿ ಹೊಲಿದ ದಪ್ಪ ಪುಸ್ತಕವೊಂದರ ಬಲಪುಟಗಳಲ್ಲಿ ಮಾತ್ರ ಬರೆದು, ಹಿಂಬದಿಗಳನ್ನು ಖಾಲಿ ಬಿಟ್ಟಿದ್ದರು. ಅವರ ಮನೆಯವರು ಹೊಲಿಗೆ ಕತ್ತರಿಸಿ ಬಿಡಿಹಾಳೆ ಮಾಡಿ ಕಳಿಸಿದ್ದರು. ಮೇಳ ಅದನ್ನು ವಸಂತದ ಕಚೇರಿಯಲ್ಲಿ ನುಡಿಸಬೇಕೆಂದು ತೀರ್ಮಾನಿಸಿತ್ತು. ಮಗಳೂ ನುಡಿಸುವವಳು.

ಮೇಷ್ಟ್ರು ಬಲಗೈ ಒಂದರಲ್ಲೇ ಇಳಿಸತೊಡಗಿದರು. ನಾಲ್ಕು ದಿನವಾದ ಮೇಲೆ ಒಂದು ಪುಟ ಅಚ್ಚು ತೆಗೆದು ಅವಳ ಹಲಗೆಯ ಮೇಲಿಟ್ಟರು, ಕಾಗದ ಸಾಕಷ್ಟು ದಪ್ಪವಿದೆಯೇ ನೋಡಲಿ ಎಂದು. ಅವಳಿಗೆ ಸ್ವರ ತಿಳಿಯದು. ಆದರೆ ಮನೆ ಮನೆಯೇ. ಬರೆದವರ ಹಾಳೆಯನ್ನೂ ಅಚ್ಚಿನ ಹಾಳೆಯನ್ನೂ ಪಕ್ಕಪಕ್ಕ ಇಟ್ಟು ಬೆರಳಿಟ್ಟು ನೋಡಿದಳು.

"ಮೇಷ್ಟ್ರೇ, ಅವರ ಸಾಲಲ್ಲಿ ಆರು ಮನೆ ಇದೆ. ನಿಮ್ಮದರಲ್ಲಿ ಮೂರೇ."

"ಆಗಲಿಕ್ಕಿಲ್ಲ."

"ಬನ್ನಿ, ಎಣಿಸಿ."

ಅವರು ಎಣಿಸಿದರು. ಮೂರು ಎಂದರು. ಬರೆದವರ ಹಾಳೆಯನ್ನು ಅವಳು ಬಲಕ್ಕೆ ಸರಿಸಿದಳು. ಆಗ ಆರು ಎಂದರು. "ನಾಲ್ಕು ದಿನದ ಕೆಲಸ" ಎಂದು ಮಾತ್ರ ಹೇಳಿದರು. ಸಿಟ್ಟಿಲ್ಲ, ದುಃಖವಿಲ್ಲ. ಬೇರೆ ಯಾರದೋ ಕೊಡೆ ಕಳೆದುಹೋದ ಸುದ್ದಿ ಹೇಳಿದ ಹಾಗೆ.

ಅವಳು ಬಿಡಿಹಾಳೆಗಳನ್ನು ನೋಡಿದಳು. ಎಡ ಅಂಚಿನುದ್ದಕ್ಕೂ ಹೊಲಿಗೆಯ ಹಳೆಯ ತೂತುಗಳು ಹಾಗೇ ಇದ್ದವು. ಕೆಳಗೆ ಹೋಗಿ ಕೆಂಪು ದಾರ ತಂದಳು. ಹಾಳೆಗೆ ಹೊಸ ಗಾಯ ಮಾಡದೆ, ಹಳೆಯ ತೂತಿನಲ್ಲೇ ಒಂದೊಂದು ಹಾಳೆಗೂ ಕೆಂಪು ದಾರ ಓಡಿಸಿ ಮುಂಬದಿಯಲ್ಲಿ ಗಂಟು ಹಾಕಿದಳು. ಪರದೆಯ ಎಡ ಅಂಚಿಗೂ ಪುಸ್ತಕದ ರಟ್ಟಿಗೆ ಹೊದಿಸುವ ಕೆಂಪು ಕ್ಯಾಲಿಕೋ ಬಟ್ಟೆಯ ಒಂದು ಪಟ್ಟಿ ಅಂಟಿಸಿದಳು.

"ಕೆಂಪು ಕಾಣೋತನಕ ಓದೋಕೆ ಶುರು ಮಾಡ್ಬೇಡಿ. ತಲೆ ತಿರುಗಿಸ್ತಾ ಹೋಗಿ. ಕೆಂಪು ಸಿಕ್ತಾ, ಅಲ್ಲಿಂದ ಬಲಕ್ಕೆ."

"ಎತ್ತಿಗೆ ಮೂಗುದಾರ ಹಾಕಿದ ಹಾಗೆ."

"ಎತ್ತು ಸರಿದಾರೀಲಿ ಹೋದ್ರೆ ಸರಿ."

ಮೇಷ್ಟ್ರು ನಕ್ಕರು. ಬಲಗಡೆಯ ತುಟಿ ಮಾತ್ರ ಎದ್ದಿತು.

ಆ ಉಪಾಯ ನಡೆಯಿತು. ಅವರು ತಲೆಯನ್ನು ಎಡಕ್ಕೆ, ಇನ್ನೂ ಎಡಕ್ಕೆ ಹೊರಳಿಸುತ್ತಾ ಹೋಗಿ, ದಾರ ಸಿಕ್ಕೊಡನೆ ನಿಲ್ಲಿಸಿ, ಅಲ್ಲಿಂದ ಬಲಕ್ಕೆ ಬರುತ್ತಿದ್ದರು. ಸಾಲು ಮುಗಿದ ಮೇಲೆ ಮತ್ತೆ ತಲೆ ಹೊರಳಿಸುವುದು. ಒಂದು ಹಾಳೆ ಮುಗಿದರೆ ಮಗುಚಿ ಹಿಂಬದಿ ಖಾಲಿಯೆಂದು ನೋಡಿಕೊಂಡು ಬದಿಗಿಡುವುದು. ಅವಳು ಮನೆ ಎಣಿಸುತ್ತಿದ್ದಳು. ಲೆಕ್ಕ ಕೂಡುತ್ತಿತ್ತು. ಮಗಳು ಬರುವ ದಿನ ಅವಳು ಮೇಷ್ಟ್ರ ಎಡಗೆನ್ನೆಯನ್ನು ತಾನೇ ಬೋಳಿಸುತ್ತಿದ್ದಳು, ಮಾತ್ರೆಯ ಡಬ್ಬಿಯನ್ನು ಅಂಟಿನ ಡಬ್ಬಿಯ ಹಿಂದೆ ಇಡುತ್ತಿದ್ದಳು, ಮಗಳ ಕುರ್ಚಿಯನ್ನು ಬಲಗಡೆ ಹಾಕುತ್ತಿದ್ದಳು.

"ಈ ಕೆಂಪು ಪಟ್ಟಿ ಏನಪ್ಪಾ?"

"ಬಿಸಿಲು ಹೊಡೀತಿತ್ತು."

ಬಿಸಿಲು ಆ ಕಡೆಯಿಂದ ಬರುತ್ತಿರಲಿಲ್ಲ. ಮಗಳು ಕಿಟಕಿ ನೋಡಿದಳು, ಅಪ್ಪನನ್ನು ನೋಡಿದಳು, ಬಸ್ಸಿನ ಮಾತು ತೆಗೆದಳು.

ಕೆಲಸ ಮುಗಿಯಲು ಬಂದಾಗ ಒಂದು ಕಡೆ ಮೇಷ್ಟ್ರು ನಿಂತುಬಿಟ್ಟರು. ಒಂದು ಹಾಳೆಯ ಕಡೆಯ ಮನೆಯಲ್ಲಿ ಚೆಲ್ಲೋದವರ ಸ್ವರದಿಂದ ಒಂದು ಬಾಗಿದ ಗೆರೆ, ಕಮಾನು, ಹೊರಟಿತ್ತು. ಹಾಗೆ ಕಮಾನು ಹೊರಟರೆ ಸ್ವರ ಮುಂದಿನ ಮನೆಗೂ ದಾಟಿ, ಅದೇ ಸ್ವರಕ್ಕೆ ಕೂಡಿಕೊಳ್ಳಬೇಕು. ಮುಂದಿನ ಹಾಳೆಯಲ್ಲಿ ಇದ್ದದ್ದು ಬೇರೆಯೇ ಸ್ವರ.

"ಅಮ್ಮಾ, ಇದಾದ ಮೇಲಿನ ಹಾಳೆ ಇದೇ ತಾನೇ?"

ಹಾಳೆಗಳ ಮೂಲೆಯಲ್ಲಿ ಬರೆದವರೇ ಅಂಕಿ ಹಾಕಿದ್ದರು. ಅವಳು ಬೆರಳಿಟ್ಟು ಓದಿದಳು. "ಹೌದು, ಸಾಲಾಗೇ ಇದೆ."

ಮೇಷ್ಟ್ರು ಆ ಹಾಳೆಯನ್ನು ಇನ್ನೊಮ್ಮೆ ಮಗುಚಿದರು. ತಲೆ ಹೊರಳಿಸಿದರು, ಕೆಂಪು ದಾರ ಸಿಕ್ಕಿತು, ದಾರದಿಂದ ಬಲಕ್ಕೆ ನೋಡಿದರು. ಖಾಲಿ.

"ಹಾಗಿದ್ರೆ ಗಾಳೀಲೇ ಬಿಟ್ಟಿದಾರೆ. ಸ್ವರ ತಾನಾಗಿ ಆರಿಹೋಗ್ಲಿ ಅಂತ."

"ತಪ್ಪಿರಬಹುದಲ್ಲ?"

"ಇರಬಹುದು. ಬರೆದವರ ತಪ್ಪು ಬರೆದವರದು. ನಾನು ಇಳಿಸೋನು, ತಿದ್ದೋನಲ್ಲ."

ಪುಸ್ತಕಗಳು ಅಚ್ಚಾದವು. ಅವಳು ಹೊಲಿದಳು. ಸ್ಟ್ಯಾಂಡಿನ ಮೇಲೆ ಇಟ್ಟು ಕೈ ತೆಗೆದರೆ ಒಂದೂ ಮುಚ್ಚಿಕೊಳ್ಳಲಿಲ್ಲ. ಮೇಳದ ಮ್ಯಾನೇಜರ್ ಫೋನು ಮಾಡಿ, ಎಂದಿನ ಹಾಗೆ ಚೆನ್ನಾಗಿದೆ, ಮುಂದಿನ ವರ್ಷದ್ದನ್ನೂ ನಿಮಗೇ ಕಳಿಸ್ತೀವಿ ಎಂದ. ಮೇಷ್ಟ್ರು ಫೋನಿಟ್ಟು, "ಸದ್ಯ" ಎಂದರು.

ರಿಹರ್ಸಲ್ ಶುರುವಾದ ಮೇಲೆ ಒಂದು ಮಧ್ಯಾಹ್ನ ಮಗಳು ಬಂದಳು. ಬರುವ ದಿನವಲ್ಲ. ಮೇಷ್ಟ್ರ ಎಡಗೆನ್ನೆ ಬೋಳಿಸಿರಲಿಲ್ಲ. ಮಗಳು ತನ್ನ ಚೆಲ್ಲೋ ಪುಸ್ತಕ ತೆಗೆದು ಒಂದು ಪುಟ ಬಿಡಿಸಿದಳು.

"ಅಪ್ಪ, ಈ ಕಮಾನು ಗಾಳೀಲಿ ನೇತಾಡ್ತಿದೆ."

"ಅವರು ಹಾಗೇ ಬರೆದಿದಾರೆ."

"ಎಲ್ರೂ ಹಾಗೇ ಅಂದ್ರು. ಎಲ್ರ ಪುಸ್ತಕದಲ್ಲೂ ಇಲ್ಲಿಂದ ಇಲ್ಲಿಗೇ ಹೋಗುತ್ತೆ, ಯಾರೂ ಯಾರಿಗೂ ಡಿಕ್ಕಿ ಹೊಡೀಲಿಲ್ಲ. ಮೇಳ ನಡೆಸೋರಿಗಂತೂ ಇದೇ ಜಾಗ ಬಹಳ ಹಿಡಿಸಿದೆ. ಧೈರ್ಯ ಬೇಕು ಹೀಗೆ ಬರೆಯೋಕೆ ಅಂದ್ರು."

"ಮತ್ತೆ?"

"ನೀನು ಬರೆದವರಿಗೆ ಫೋನು ಮಾಡದೇ ಒಂದು ಕಮಾನನ್ನೂ ಹೀಗೆ ಬಿಟ್ಟೋನಲ್ಲ. ಇವರು ಸತ್ತಿದಾರೆ, ಸರಿ. ಪಕ್ಕದಲ್ಲಿ ಒಂದು ಪ್ರಶ್ನೆ ಚಿಹ್ನೆಯಾದ್ರೂ ಹಾಕ್ತಿದ್ದೆ. ಯಾಕೆ ಹಾಕಿಲ್ಲ?"

ಪುಟದ ಎಡ ಅಂಚಿನಲ್ಲಿ ಪ್ರಶ್ನೆ ಚಿಹ್ನೆ ಹಾಕುವುದು ಮೇಷ್ಟ್ರ ಪದ್ಧತಿ. ಆ ಅಂಚೇ ಅವರ ಪಾಲಿಗೆ ಇರಲಿಲ್ಲ.

ಅವಳು ಹೊಲಿಗೆ ಕೆಳಗಿಟ್ಟು ಎದ್ದಳು. ಬಿಡಿಹಾಳೆಗಳ ಕಟ್ಟಿನಿಂದ ಆ ಹಾಳೆಯನ್ನು ತೆಗೆದು, ಕಿಟಕಿಯ ಬಳಿ ಹೋಗಿ ಮಗುಚಿದಳು. ಬೆಳಕು ಬಿದ್ದಾಗ ಕಂಡಿತು. ಹಿಂಬದಿ ಖಾಲಿಯಲ್ಲ. ಸಾಲುಸಾಲು ಚುಕ್ಕಿ, ಸೀಸದ ಕಡ್ಡಿಯಲ್ಲಿ, ತೆಳುವಾಗಿ. ಬರೆದವರು ಆಮೇಲೆ ಯಾವಾಗಲೋ ನೆನಪಾಗಿ ಸೇರಿಸಿದ್ದಿರಬೇಕು, ಅಂಕಿಯನ್ನೂ ಹಾಕಿರಲಿಲ್ಲ. ಮುಂಬದಿಯಲ್ಲಿ ಎಡಕ್ಕಿದ್ದ ಕೆಂಪು ದಾರ, ಮಗುಚಿದಾಗ ಬಲ ಅಂಚಿನಲ್ಲಿತ್ತು. ಮೇಷ್ಟ್ರು ದಾರ ಸಿಕ್ಕ ಕಡೆ ನಿಂತು, ಅಲ್ಲಿಂದ ಬಲಕ್ಕೆ ನೋಡಿದ್ದರು. ಅಲ್ಲಿ ಒಂದು ಬೆರಳಗಲ ಬಿಳಿ ಅಂಚು ಬಿಟ್ಟರೆ ಏನೂ ಇರಲಿಲ್ಲ. ಅವಳು ಹೇಳಿಕೊಟ್ಟ ಹಾಗೇ ಮಾಡಿದ್ದರು.

ಅವಳು ಹಾಳೆಯನ್ನು ತಂದು ಮಗಳ ಕೈಗೆ ಕೊಟ್ಟಳು. ಮಗಳು ಹಾಳೆ ನೋಡಿದಳು, ದಾರ ನೋಡಿದಳು, ಪರದೆಯ ಕೆಂಪು ಪಟ್ಟಿ, ಅಪ್ಪನ ಎಡಗೆನ್ನೆ ನೋಡಿದಳು. ಅಂಟಿನ ಡಬ್ಬಿಯ ಹಿಂದಿನ ಮಾತ್ರೆಯ ಡಬ್ಬಿಯನ್ನೂ ನೋಡಿದಳು.

"ಯಾವಾಗಿಂದ ದೊಡ್ಡಮ್ಮ?" ಎಂದು ಅವಳನ್ನು ಕೇಳಿದಳು.

"ಚಳಿಗಾಲದಿಂದ."

ಮಗಳು ಅಪ್ಪನ ಎಡಗಡೆಗೆ ಹೋಗಿ ನಿಂತಳು. ಕೈ ಎತ್ತಿ ಆಡಿಸಿದಳು. ಮೇಷ್ಟ್ರು ಅವಳು ಮೊದಲು ನಿಂತಿದ್ದ ಜಾಗವನ್ನೇ ನೋಡುತ್ತಾ, "ಎಲ್ಲಿ ಹೋದ್ಲು?" ಎಂದರು.

"ಇಲ್ಲೇ ಇದೀನಿ," ಎಂದು ಅವಳು ಬಲಗಡೆಗೆ ಬಂದಳು. ಧ್ವನಿ ಏರಲಿಲ್ಲ. ಆ ಮನೆಯಲ್ಲಿ ಯಾರದೂ ಏರುತ್ತಿರಲಿಲ್ಲ. "ನಾಳೆ ಆಫೀಸಿಗೆ ಹೇಳಿ ಮೇಳ ಬಿಡ್ತೀನಿ. ನೀನು ನನ್ನ ಮನೆಗೆ ಬಾ."

"ಮೇಳ ಬಿಟ್ರೆ ನಾನು ಬರಲ್ಲ."

"ಹಗಲೊತ್ತು ನಿನ್ನ ಯಾರು ನೋಡ್ಕೋತಾರೆ?"

"ನೋಡ್ಕೊಳ್ಳೋಕೆ ನಾನೇನು ಹಾಲಿನ ಪಾತ್ರೆನಾ?"

ಅವಳು ಹೊಲಿಗೆ ಎತ್ತಿಕೊಂಡು ಮಗಳಿಗೆ ಹೇಳಿದಳು, "ನನ್ನ ಸೂಜಿಗೆ ಇದೇ ಕಿಟಕಿ ಆಗ್ಬೇಕು ಅಂತೇನಿಲ್ಲ. ಎಲ್ಲಿ ಕೂತ್ರೂ ಹೊಲಿಯುತ್ತೆ. ನೀನು ರಿಹರ್ಸಲ್‌ಗೆ ಹೋದಾಗ ನಾನು ಅಲ್ಲಿ ಬಂದು ಕೂರ್ತೀನಿ. ಮೊದಲು ಈ ಪುಟ ಮುಗಿಸಿ, ಜನ ಕಾಯ್ತಿದಾರೆ."

ಪುಟ ಅಂದೇ ಮುಗಿಯಿತು. ಮಗಳು ಸೀಸದ ಚುಕ್ಕಿಗಳನ್ನು ಓದಿ ಹೇಳಿದಳು, ಮೇಷ್ಟ್ರು ಬಲಗೈಯಲ್ಲಿ ಒತ್ತಿದರು. ಅದನ್ನು ನಡುವೆ ಸೇರಿಸಿದರೆ ಮುಂದಿನ ಪುಟಗಳೆಲ್ಲ ಜರುಗಿ, ಹಾಳೆ ತಿರುಗಿಸುವ ಜಾಗಗಳೆಲ್ಲ ಕೆಡುತ್ತಿದ್ದವು. ಅದಕ್ಕೆ ಬೇರೆಯಾಗಿ ಅಚ್ಚು ತೆಗೆದು, ಮಗಳು ಮೇಳದಿಂದ ತಂದುಕೊಟ್ಟ ಪ್ರತಿ ಪುಸ್ತಕದಲ್ಲೂ ಆ ಜಾಗದಲ್ಲಿ 'ಮೊದಲು ಅಂಟುಹಾಳೆ' ಎಂದು ಗುರುತು ಹಾಕಿ, ಹೊರಕ್ಕೆ ಬಿಡಿಸಿಕೊಳ್ಳುವಂತೆ ಅವಳು ಅಂಟಿಸಿದಳು. ಕೊನೆಯ ಪುಸ್ತಕ ಒಣಗಲು ಇಟ್ಟ ಮೇಲೆ ಮೇಷ್ಟ್ರು ಮ್ಯಾನೇಜರಿಗೆ ತಾವೇ ಫೋನು ಮಾಡಿ, ಒಂದು ಪುಟ ನನ್ನಿಂದ ಬಿಟ್ಟುಹೋಗಿತ್ತು, ಅಂಟಿಸಿ ಕಳಿಸ್ತಿದೀನಿ, ಮುಂದಿನ ವರ್ಷದ್ದು ಬೇರೆಯವರಿಗೆ ಕೊಡಿ ಎಂದರು. ಆ ಕಡೆಯಿಂದ ಏನೇನೋ ಕೇಳಿಬಂತು. ಇವರು ಎಲ್ಲದಕ್ಕೂ "ಹೂಂ" ಎಂದರು. ಆಮೇಲೆ ಯಂತ್ರ ಆರಿಸಿದರು.

"ಏನೂ ಅನ್ನಿಸ್ತಿಲ್ಲ," ಎಂದರು ಅವಳಿಗೆ. "ಅನ್ನಿಸಬೇಕಿತ್ತು, ಅಲ್ವಾ?"

"ಎಲ್ಲರಿಗೂ ಅನ್ನಿಸಲೇಬೇಕು ಅಂತ ಕಾನೂನಿಲ್ಲ ಮೇಷ್ಟ್ರೇ."

ವಸಂತದ ಕಚೇರಿಗೆ ಅವಳನ್ನು ಮಗಳೇ ಕರೆದುಕೊಂಡು ಹೋಗಿ ಕೂರಿಸಿದಳು. ಮೇಷ್ಟ್ರು ಬರಲಿಲ್ಲ, ಪ್ರೆಸ್ಸಿನ ಯಜಮಾನ ಅವರ ಜೊತೆ ಕೂತ. ಅವಳಿಗೆ ಸಂಗೀತ ಎಲ್ಲಿ ಶುರುವಾಯಿತು, ಎಲ್ಲಿ ಹೊರಳಿತು ಎಂದು ತಿಳಿಯಲಿಲ್ಲ. ಒಂದು ಕಡೆ ಮಾತ್ರ ತಿಳಿಯಿತು. ಮೇಳದವರೆಲ್ಲ ಒಬ್ಬರಾದ ಮೇಲೆ ಒಬ್ಬರು, ಬಿಡುವಾದ ಕೈಯಿಂದ ಅಂಟುಹಾಳೆಯನ್ನು ಹೊರಕ್ಕೆ ಬಿಡಿಸಿದರು. ಒಂದೂ ಕಿತ್ತು ಬರಲಿಲ್ಲ. ಅವಳು ಅಷ್ಟನ್ನು ನೋಡಿಕೊಂಡಳು.

ಮಗಳ ಮನೆಯಲ್ಲಿ ಮೇಷ್ಟ್ರು ಒಂದು ಬೇಸಿಗೆ ಕಳೆದರು. ಮಗಳು ಬೆಳಿಗ್ಗೆ ಚೆಲ್ಲೋ ಹೊತ್ತು ಹೊರಡುವಳು. ಅವಳು ಕಟ್ಟು ಹೊತ್ತು ಬರುವಳು. ಇಬ್ಬರೂ ಮೆಟ್ಟಿಲಲ್ಲಿ ಎದುರಾಗುತ್ತಿದ್ದರು. "ಯಾರ ಸಾಮಾನು ಭಾರ ದೊಡ್ಡಮ್ಮ?" ಎಂದು ಮಗಳು ಕೇಳುವಳು. ಮೇಷ್ಟ್ರು ಕುರ್ಚಿಯಲ್ಲಿ ಕೂತು ಅವಳ ಹೊಲಿಗೆಯಲ್ಲಿ ತಪ್ಪು ಹುಡುಕುತ್ತಿದ್ದರು, ಬಲಗಡೆಯ ತಪ್ಪುಗಳನ್ನು ಮಾತ್ರ. ಮಾತು ಬರಬರುತ್ತಾ ಕಡಿಮೆಯಾಯಿತು. ದಿನಕ್ಕೊಂದು ಪ್ರಶ್ನೆ ಮಾತ್ರ ತಪ್ಪುತ್ತಿರಲಿಲ್ಲ: ಮಗಳು ಹೋದಳೇ ಎಂದು. ಹೋದಳು ಎಂದರೆ ಕಣ್ಣು ಮುಚ್ಚಿಕೊಳ್ಳುವರು.

ಮಳೆಗಾಲದ ಶುರುವಿನಲ್ಲಿ ಮತ್ತೊಂದು ಸಲ ತಲೆಯೊಳಗೆ ಕಟ್ಟಿಕೊಂಡಿತು. ಡಾಕ್ಟರು ಮನೆಗೇ ಬಂದು ನೋಡಿ, ಮಗಳನ್ನು ಹೊರಗೆ ಕರೆದು ಏನೋ ಹೇಳಿ ಹೋದರು. ಮಾರನೆಯ ಬೆಳಿಗ್ಗೆ ಅವಳು ಎಂದಿನಂತೆ ಕಟ್ಟು ಹೊತ್ತು ಬಂದಾಗ ಚೆಲ್ಲೋ ಗೋಡೆಗೆ ಒರಗಿಕೊಂಡೇ ಇತ್ತು. ಮಗಳು ಹಾಸಿಗೆಯ ಎಡಬದಿಯಲ್ಲಿ ಕೂತು, ಅಪ್ಪನ ಎಡಗೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು. ಅವಳು ಕಟ್ಟನ್ನು ಕೆಳಗಿಟ್ಟು ಬಲಬದಿಗೆ ಹೋಗಿ ಸ್ಟೂಲಿನ ಮೇಲೆ ಕೂತಳು.

ಮೇಷ್ಟ್ರು ಕಣ್ಣು ತೆರೆದು ಅವಳನ್ನು ಗುರುತು ಹಿಡಿದರು. ಬಾಯಿ ಒಣಗಿತ್ತು. ಅವಳು ಒದ್ದೆ ಬಟ್ಟೆಯಿಂದ ತುಟಿ ಒರೆಸಿದಳು. ಅವರು ಬಾಗಿಲ ಕಡೆ ನೋಡಿ, ಅವಳ ಕಡೆ ನೋಡಿ, ಮೆಲ್ಲಗೆ ಕೇಳಿದರು:

"ಅವಳು ರಿಹರ್ಸಲ್‌ಗೆ ಹೋದ್ಲಾ?"